ಮೊದಲ ಸೆಮಿ-ಆಟೊ ಕೋವಿ: ಕ್ಲೇಗೂ ಬೆಳವಕ್ಕೂ ಒಂದೇ ಸಾಕಾ?

ಮಳೆಕಾಡು (ಡಲ್ಲಾಸ್ ಹತ್ತಿರ, ಟೆಕ್ಸಸ್)

ಇಷ್ಟು ದಿನ ಈ ಫೋರಂನಲ್ಲಿ ಮನೆ ಸಾಲ, ಅಪ್ಪ-ಅಮ್ಮನ ಇನ್ಶೂರೆನ್ಸ್ ಅಂತ ಕೇಳಿಕೊಂಡಿದ್ದವನು ಇವತ್ತು ಕೋವಿ ಬಗ್ಗೆ ಕೇಳುತ್ತಿದ್ದೇನೆ. ನಗಬೇಡಿ.

ನಮ್ಮದು ಮೂಡಿಗೆರೆ ಕಡೆ. ಅಜ್ಜಯ್ಯನ ಹತ್ತಿರ ಒಂದು ಜೋಡಿ ನಳಿಕೆಯ ತೋಟಾ ಕೋವಿ ಇತ್ತು. ಗದ್ದೆಗೆ ಹಂದಿ ಬರುತ್ತದೆ ಅಂತ ಲೈಸೆನ್ಸ್ ಮಾಡಿಸಿದ್ದು. ಅದು ಮನೆಯಲ್ಲಿದ್ದದ್ದಕ್ಕಿಂತ ಸ್ಟೇಷನ್ನಿನಲ್ಲಿದ್ದದ್ದೇ ಜಾಸ್ತಿ ಅನ್ನಿಸುತ್ತದೆ. ಪಂಚಾಯ್ತಿ ಎಲೆಕ್ಷನ್ ಬಂದರೂ ಡೆಪಾಸಿಟ್, ಲೋಕಸಭೆ ಬಂದರೂ ಡೆಪಾಸಿಟ್. ವಾಪಸ್ ತಂದ ದಿನ ಅಜ್ಜಯ್ಯ ಜಗಲಿಯಲ್ಲಿ ಕೂತು ಬೈಯುತ್ತಾ ತುಕ್ಕು ಉಜ್ಜುತ್ತಿದ್ದರು. ನಾವು ಮಕ್ಕಳು ಹತ್ತಿರ ಹೋದರೆ ಕೈ ಮೇಲೆ ಒಂದು ಬೀಳುತ್ತಿತ್ತು. ನನಗೆ 17 ತುಂಬಿದ ವರ್ಷ ಆಯುಧ ಪೂಜೆ ದಿನ ಒಂದೇ ಒಂದು ಈಡು ಹೊಡೆಯಲು ಕೊಟ್ಟರು. ಬೇಲಿ ಗೂಟದ ಮೇಲೆ ಸೀಮೆಎಣ್ಣೆ ಡಬ್ಬ ಇಟ್ಟಿದ್ದರು. ಡಬ್ಬಕ್ಕೆ ಏನೂ ಆಗಲಿಲ್ಲ. ನನ್ನ ಭುಜ ಎಂಟು ದಿನ ನೀಲಿ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೋದ ಮಾರ್ಚ್‌ನಲ್ಲಿ ಆಫೀಸಿನ ಒಬ್ಬರು ಸ್ಪೋರ್ಟಿಂಗ್ ಕ್ಲೇಸ್ ಆಡಿಸಲು ಕರೆದುಕೊಂಡು ಹೋದರು. ಗೊತ್ತಿಲ್ಲದವರಿಗೆ: ಅಂಗೈ ಅಗಲದ ಕಿತ್ತಳೆ ಬಣ್ಣದ ಬಿಲ್ಲೆಗಳನ್ನು ಯಂತ್ರ ಎಸೆಯುತ್ತದೆ, ನಾವು ಹಾರುವಾಗ ಹೊಡೆಯಬೇಕು. ಒಂದು ಕಡೆ ಮೊಲದ ಹಾಗೆ ನೆಲದ ಮೇಲೆ ಉರುಳಿಕೊಂಡು ಬರುತ್ತದೆ, ಇನ್ನೊಂದು ಕಡೆ ತಲೆ ಮೇಲೆ ಹೋಗುತ್ತದೆ. ಅವರದೇ ಮೇಲೆ-ಕೆಳಗೆ ನಳಿಕೆಯ ಕೋವಿಯಲ್ಲಿ ಹೊಡೆದೆ. 50ಕ್ಕೆ 11. ಆದರೂ ಆ ಹನ್ನೊಂದು ಬಿಲ್ಲೆ ಪುಡಿಯಾದದ್ದು ರಾತ್ರಿ ಕಣ್ಣು ಮುಚ್ಚಿದರೆ ಕಾಣುತ್ತಿತ್ತು.

ಈಗ ಅವರೇ ಸೆಪ್ಟೆಂಬರ್ 1ಕ್ಕೆ ಬೆಳವದ ಹಕ್ಕಿ ಸೀಸನ್ ಶುರುವಾದಾಗ ತಾವು ಗುತ್ತಿಗೆ ಹಿಡಿದ ಹೊಲಕ್ಕೆ ಬಾ ಅಂದಿದ್ದಾರೆ. ಅದಕ್ಕೆ ಸ್ವಂತ ಕೋವಿ ಬೇಕು ಅನ್ನಿಸಿದೆ. ಕ್ಲೇಗೂ ಆಗಬೇಕು, ಹಕ್ಕಿಗೂ ಆಗಬೇಕು. ಸೆಮಿ-ಆಟೊ (ಒಂದು ಈಡು ಹೊಡೆದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಕೋವಿ) ಒದೆಯುವುದು ಕಡಿಮೆ ಅಂತಾರೆ, ಅದಕ್ಕೇ ಆ ಕಡೆ ಮನಸ್ಸು. 1,200 ಡಾಲರ್ ಮೀರಬಾರದು, ತೋಟಾ ಎಲ್ಲ ಸೇರಿ. ಮೂರು ನೋಡಿಟ್ಟಿದ್ದೇನೆ. ಹೊಸ ಬೆರೆಟ್ಟಾ ಎ300. ಬೆನೆಲ್ಲಿ ಮಾಂಟೆಫೆಲ್ಟ್ರೊ, ಸೆಕೆಂಡ್ ಹ್ಯಾಂಡ್ ಸಿಕ್ಕರೆ. ಒಂದು ಪಾನ್ ಶಾಪಿನಲ್ಲಿರುವ (ಬೀಡಾ ಅಂಗಡಿ ಅಲ್ಲ, ಗಿರವಿ ಅಂಗಡಿ) ಹಳೇ ರೆಮಿಂಗ್ಟನ್ 1100.

ಗ್ಯಾಸ್ ಒಳ್ಳೆಯದಾ, ಇನರ್ಷಿಯಾ ಒಳ್ಳೆಯದಾ? 12 ಗೇಜಾ 20 ಗೇಜಾ? ನಾನು 5 ಅಡಿ 5 ಇಂಚು, 66 ಕೆ.ಜಿ. ಬಲಗೈಯವನು. ರೇಂಜಿನಲ್ಲಿ ಒಬ್ಬ ಹಿರಿಯರು ನನ್ನ ಮುಖ ನೋಡಿ "ನೀನು ಎಡಗಣ್ಣಿನಲ್ಲಿ ಗುರಿ ಇಡ್ತಿದ್ದೀಯ" ಅಂದರು. ಅದು ಏನು ಅಂತ ಕೇಳುವಷ್ಟರಲ್ಲಿ ಅವರ ಸರದಿ ಬಂತು, ಹೋದರು.

ನಕಲಿ_ಗಡಿಯಾರ (ನ್ಯೂಜೆರ್ಸಿ)

ಕೋವಿ ಆಮೇಲೆ. ನಿಮ್ಮದು ಗ್ರೀನ್ ಕಾರ್ಡಾ, ಎಚ್-1ಬಿನಾ? ಎಚ್-1ಬಿ ಥರದ ವೀಸಾದಲ್ಲಿರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನಲ್ಲಿ ಅಪರಾಧ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಜನ ಮಾಮೂಲಾಗಿ ಬಳಸುವುದು ಒಂದನ್ನು: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅಂಗಡಿಯಲ್ಲಿ ತುಂಬಿಸುವ 4473 ಫಾರಂನಲ್ಲಿ ಇದನ್ನು ನೇರವಾಗಿ ಕೇಳುತ್ತಾರೆ. ಸ್ನೇಹಿತರ ಕೋವಿ ರೇಂಜಿನಲ್ಲಿ ಹಿಡಿದರೂ ಅದೇ ಲೆಕ್ಕ. "ಸುಮ್ನೆ ಒಂದು ರೌಂಡ್ ಹೊಡೆದೆ" ಅಂತ ಫೋಟೊ ಹಾಕುವ ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ವೀಸಾ ಮೇಲಿದ್ದರೆ ಮೊದಲು ವಕೀಲರನ್ನು ಕೇಳಿ.

ಮಳೆಕಾಡು

ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು. ಆದರೂ ಒಳ್ಳೇದಾಯ್ತು ಹೇಳಿದ್ದು. ನನ್ನ ರೂಮ್‌ಮೇಟ್ ಆಗಿದ್ದವನಿಗೆ ಈಗಲೇ ಕಳಿಸುತ್ತೇನೆ.

ಕಾಳುಮೆಣಸು (ಸೌತ್ ಡಕೋಟ)

ತಮ್ಮ, ಗ್ಯಾಸಾ ಇನರ್ಷಿಯಾನಾ ಅಂತ ಆಮೇಲೆ ನೋಡೋಣ. ನಿನ್ನ ಕೈ ಉದ್ದ ಎಷ್ಟು?

ನಾನು ವಿರಾಜಪೇಟೆಯವನು. ನಮ್ಮಲ್ಲಿ ಮಗು ಹುಟ್ಟಿದರೆ ಗಾಳಿಗೆ ಗುಂಡು ಹಾರಿಸುವ ಪದ್ಧತಿ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಕೋವಿಗೆ ಹೂ ಇಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಹಾಗಾಗಿ ಇಲ್ಲಿಗೆ ಬಂದಾಗ ನನಗೆ ಭಾರಿ ಜಂಬ ಇತ್ತು. ಮ್ಯಾಗಜೀನ್ ಓದಿ ಒಂದು ಸೆಮಿ-ಆಟೊ ತಗೊಂಡೆ. ಹೆಸರು ಬೇಡ, ಕೋವಿಯದ್ದೇನೂ ತಪ್ಪಿರಲಿಲ್ಲ. ಎರಡು ಸೀಸನ್ ಫೆಸೆಂಟ್ ಹಕ್ಕಿಗಳ ಮೇಲಿನ ಗಾಳಿಗೆ ಹೊಡೆದೆ. ಹಕ್ಕಿ ಆರಾಮಾಗಿ ಹೋಗುತ್ತಿತ್ತು. ಕೊನೆಗೆ ಪಕ್ಕದ ಜಮೀನಿನ ಅಜ್ಜ ಒಂದು ದಿನ ಕೋವಿಯನ್ನು ನನ್ನ ಭುಜಕ್ಕೆ ಇಡಿಸಿ ನೋಡಿ ನಕ್ಕ. ಸ್ಟಾಕ್, ಅಂದರೆ ಭುಜಕ್ಕೆ ಒತ್ತುವ ಹಿಂಭಾಗ, ನನ್ನ ಅಳತೆಗಿಂತ ಮುಕ್ಕಾಲು ಇಂಚು ಉದ್ದ. ಅದನ್ನು ಕಂಕುಳಿಗೆ ಸಿಕ್ಕದಂತೆ ಮುಂದೆ ತಳ್ಳಿ ಹಿಂದೆ ಎಳೆಯುವಷ್ಟರಲ್ಲಿ ನನ್ನ ಕೆನ್ನೆ ಮೇಲೇ ಉಳಿಯುತ್ತಿತ್ತು. ಕೆನ್ನೆ ಮೇಲಿದ್ದರೆ ಕಣ್ಣು ಮೇಲೆ, ಕಣ್ಣು ಮೇಲಿದ್ದರೆ ಈಡು ಮೇಲೆ. ಶಾಟ್‌ಗನ್ನಿಗೆ ಹಿಂದೆ ಗುರಿಕಟ್ಟು ಇಲ್ಲವಲ್ಲ, ನಿನ್ನ ಕಣ್ಣೇ ಅದರ ಹಿಂದಿನ ಗುರಿಕಟ್ಟು. ರೈಫಲ್ ಕಲಿತವರಿಗೆ ಇದು ಅರ್ಥ ಆಗುವುದು ನಿಧಾನ.

ಅಂಗಡಿಯಲ್ಲಿರುವ ಕೋವಿಗಳ ಸ್ಟಾಕ್ ಸಾಮಾನ್ಯವಾಗಿ ಹದಿನಾಲ್ಕು ಇಂಚಿನ ಮೇಲೆ. ಐದೂಮುಕ್ಕಾಲು ಆರಡಿ ಮನುಷ್ಯನ ಅಳತೆ. ನಿನಗೆ ಹದಿಮೂರೂವರೆ ಸುತ್ತಮುತ್ತ ಬೇಕಾಗಬಹುದು. ಅಂಗಡಿಗೆ ಹೋಗು. ಕೋವಿ ಖಾಲಿ ಅಂತ ನೀನೇ ಎರಡು ಸಲ ನೋಡಿಕೋ, ಕೇಳಿ ಅನುಮತಿ ತಗೋ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ಏರಿಸು, ಕೆನ್ನೆ ಇಡು, ಆಮೇಲೆ ಕಣ್ಣು ತೆಗೆ. ನಳಿಕೆಯ ಮೂತಿಯ ಮಣಿ ನೇರ ಕಣ್ಣೆದುರು ಬಂದಿರಬೇಕು, ನಳಿಕೆ ಮೇಲಿನ ಪಟ್ಟಿ ಇಷ್ಟೇ ಇಷ್ಟು ಕಾಣಬೇಕು. ಮೂಗಿಗೂ ಬಲಗೈ ಹೆಬ್ಬೆರಳಿಗೂ ನಡುವೆ ಎರಡು-ಮೂರು ಬೆರಳು ಜಾಗ ಇರಬೇಕು. ಹತ್ತು ಸಲ ಏರಿಸು. ಹತ್ತಕ್ಕೆ ಎಂಟು ಸಲ ಹಾಗೇ ಬಂದರೆ ಆ ಕೋವಿ ನಿನ್ನದು. ಬರದಿದ್ದರೆ ಅದರ ಹೆಸರು ಎಷ್ಟು ದೊಡ್ಡದಾದರೂ ಬಿಟ್ಟು ಬಾ. ಇನ್ನೊಂದು ವಿಷಯ, ಟೆಕ್ಸಸ್ ಸೆಪ್ಟೆಂಬರ್‌ನಲ್ಲಿ ನೀನು ತೆಳು ಅಂಗಿಯಲ್ಲಿರುತ್ತೀಯ. ಇಲ್ಲಿ ನನ್ನ ಹಾಗೆ ಅಕ್ಟೋಬರ್‌ನಲ್ಲಿ ದಪ್ಪ ಜಾಕೆಟ್ ಹಾಕಿದರೆ ಅದೇ ಕೋವಿ ಅರ್ಧ ಇಂಚು ಉದ್ದ ಆಗುತ್ತದೆ.

ಎಡಗಣ್ಣಿನ ವಿಷಯ ಆ ಹಿರಿಯರು ಸರಿಯಾಗೇ ಹೇಳಿದ್ದಾರೆ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಗೋಡೆ ಮೇಲಿನ ಗಡಿಯಾರ ನೋಡು. ಈಗ ಬಲಗಣ್ಣು ಮುಚ್ಚು. ಗಡಿಯಾರ ಇನ್ನೂ ಕಿಂಡಿಯಲ್ಲೇ ಇದ್ದರೆ ನಿನ್ನ ಯಜಮಾನ ಎಡಗಣ್ಣು. ಬಲಭುಜದಿಂದ ಹೊಡೆಯುವವನಿಗೆ ಇದು ತೊಂದರೆ, ನಳಿಕೆ ಒಂದು ಕಡೆ, ನೋಟ ಇನ್ನೊಂದು ಕಡೆ. ದಾರಿ ಎರಡು. ಎಡಭುಜಕ್ಕೆ ಕಲಿತುಬಿಡು, ಬೆನೆಲ್ಲಿಯವರು ಎಡಗೈಯವರಿಗೆ ಅಂತಲೇ ಕೋವಿ ಮಾಡುತ್ತಾರೆ, ಖಾಲಿ ತೋಟಾ ಎಡಕ್ಕೆ ಹಾರುತ್ತದೆ. ಇಲ್ಲವೇ ಕನ್ನಡಕದ ಎಡಗಾಜಿನ ಮೇಲೆ ಉಗುರಗಲ ಮಸುಕು ಟೇಪ್ ಅಂಟಿಸು, ಕೋವಿ ಏರಿಸಿದಾಗ ಮಣಿ ಕಾಣುವ ಜಾಗದಲ್ಲಿ ಮಾತ್ರ. ಎರಡು ರೂಪಾಯಿ ಖರ್ಚು. ಮೊದಲು ಅದನ್ನು ಮಾಡಿ ನೋಡು.

ಸರಿ, ಈಗ ನೀನು ಕೇಳಿದ್ದು.

ಗ್ಯಾಸ್ ಕೋವಿಯಲ್ಲಿ ನಳಿಕೆಗೆ ಸಣ್ಣ ತೂತು ಇರುತ್ತದೆ. ತೋಟಾ ಸಿಡಿದಾಗ ಬಿಸಿ ಗಾಳಿ ಸ್ವಲ್ಪ ಅದರಿಂದ ಇಳಿದು ಪಿಸ್ಟನ್ ತಳ್ಳುತ್ತದೆ. ಅದು ಬೋಲ್ಟನ್ನು (ತೋಟಾದ ಹಿಂದೆ ಮುಚ್ಚಿ ಕೂರುವ ಭಾಗ) ಹಿಂದಕ್ಕೆ ನೂಕಿ, ಖಾಲಿ ತೋಟಾ ಎಸೆದು, ಹೊಸದನ್ನು ಎಳೆದುಕೊಳ್ಳುತ್ತದೆ. ಒದೆತ ಮಾಯ ಆಗುವುದಿಲ್ಲ, ಆದರೆ ಗುದ್ದು ಹೋಗಿ ತಳ್ಳಿದ ಹಾಗಾಗುತ್ತದೆ. ಬೆಲೆ ಏನು ಅಂದರೆ ಮಸಿ. ಆ ಪಿಸ್ಟನ್ ನಮ್ಮ ಹಳೇ ಒಲೆ ಗೋಡೆ ಥರ ಕಪ್ಪಾಗುತ್ತದೆ, ಕೂತು ಉಜ್ಜಬೇಕು. ಬೆರೆಟ್ಟಾ ಎ300, ಎ400, ರೆಮಿಂಗ್ಟನ್ 1100, ವಿಂಚೆಸ್ಟರ್ ಎಸ್‌ಎಕ್ಸ್4 ಎಲ್ಲ ಈ ಜಾತಿ.

ಇನರ್ಷಿಯಾಕ್ಕೆ ನಮ್ಮ ಕೆಂಪು ಬಸ್ಸು ನೆನೆಸಿಕೋ. ಡ್ರೈವರ್ ಜಗ್ಗನೆ ಬಿಟ್ಟಾಗ ನಿಂತಿದ್ದವರು ಹಿಂದಕ್ಕೆ ವಾಲುತ್ತಾರಲ್ವಾ? ಬಸ್ಸು ಹೋಯಿತು, ಮೈ ಅಲ್ಲೇ ಉಳಿಯಿತು. ಇಲ್ಲಿ ಬಸ್ಸು ಹಿಂದಕ್ಕೆ ಹೋಗುತ್ತದೆ ಅಷ್ಟೆ. ಕೋವಿ ನಿನ್ನ ಭುಜಕ್ಕೆ ಒದೆಯುತ್ತದೆ, ಒಳಗಿನ ಭಾರದ ಬೋಲ್ಟ್ ಇದ್ದಲ್ಲೇ ನಿಲ್ಲಲು ನೋಡುತ್ತದೆ. ನಡುವಿನ ಗಟ್ಟಿ ಸ್ಪ್ರಿಂಗ್ ಅಮುಕಿಕೊಂಡು, ಬಿಚ್ಚಿಕೊಂಡಾಗ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಗ್ಯಾಸ್ ಒಳಗೆ ಬರುವುದೇ ಇಲ್ಲ, ಹಾಗಾಗಿ ಮಸಿ ಕಡಿಮೆ, ಭಾಗಗಳು ಕಡಿಮೆ, ತೂಕ ಕಡಿಮೆ. ಇಟಲಿಯ ಬೆನೆಲ್ಲಿ ಹೆಸರು ಮಾಡಿದ್ದು ಇದರಿಂದಲೇ. ಫ್ರಾಂಕಿ ಅಫಿನಿಟಿ, ಸ್ಟೋಗರ್ ಎಂ3000 ಇದೇ ಜಾತಿ, ಅಗ್ಗ. ಆದರೆ ಹಗುರ ಕೋವಿ, ಹಗುರ ಮನುಷ್ಯ, ಒಂದು ಬೆಳಗ್ಗೆಗೆ 100 ತೋಟಾ. ಲೆಕ್ಕ ಹಾಕಿಕೋ. ತೀರಾ ಮೆದು ತೋಟಾ ಹಾಕಿದರೆ ಕೆಲವು ಇನರ್ಷಿಯಾ ಕೋವಿ ಬೋಲ್ಟ್ ಪೂರ್ತಿ ಎಸೆಯುವುದಿಲ್ಲ, ಹೊಸತರಲ್ಲಿ ಜಾಸ್ತಿ. ಬೋಲ್ಟನ್ನು ಸದ್ದಾಗಬಾರದು ಅಂತ ಕೈಯಲ್ಲಿ ಹಿಡಿದು ನಿಧಾನ ಮುಚ್ಚಿದರೆ ಅದು ಪೂರ್ತಿ ಕೂರದೆ, ಹಕ್ಕಿ ಎದ್ದಾಗ ಬರೀ "ಟಿಕ್" ಅನ್ನುತ್ತದೆ.

ನೀನು ವರ್ಷಕ್ಕೆ ನಾಲ್ಕು ದಿನ ಹೊಲಕ್ಕೆ ಹೋಗುತ್ತೀಯ, ನಲವತ್ತು ದಿನ ಕ್ಲೇ ಹೊಡೆಯುತ್ತೀಯ. ನನ್ನ ಮಾತು ಕೇಳಿದರೆ ಗ್ಯಾಸ್. ನನ್ನ ಹಾಗೆ ದಿನಕ್ಕೆ ಎಂಟು ಮೈಲಿ ಜೋಳದ ಹೊಲದಲ್ಲಿ ಕೋವಿ ಹೊತ್ತು ನಡೆದು ಆರು ಸಲ ಹೊಡೆಯುವವರಿಗೆ ಇನರ್ಷಿಯಾ. ಇಲ್ಲಿ ದಿನಕ್ಕೆ ಮೂರು ಹುಂಜ ಫೆಸೆಂಟ್ ಮಾತ್ರ, ಹೆಣ್ಣು ಹೊಡೆಯುವ ಹಾಗೇ ಇಲ್ಲ. ಭುಜಕ್ಕಿಂತ ಕಾಲು ನೋಯುವ ಬೇಟೆ.

ರೆಮಿಂಗ್ಟನ್ 1100 ಬಗ್ಗೆ ನನಗೆ ಪ್ರೀತಿ ಇದೆ. 1963ರಿಂದ ಬಂದದ್ದು, ಭಾರ, ಮೆತ್ತಗೆ ಹೊಡೆಯುತ್ತದೆ. ಮ್ಯಾಗಜೀನ್ (ಹೆಚ್ಚುವರಿ ತೋಟಾ ತುಂಬಿಡುವ) ಕೊಳವೆ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ, ಅದು ಸವೆದರೆ ಕೋವಿ ಮುಷ್ಕರ ಹೂಡುತ್ತದೆ. ಜೇಬಲ್ಲಿ ಎರಡು ಬಿಡಿ ಉಂಗುರ ಇಟ್ಟುಕೊಂಡರಾಯಿತು. ಆದರೆ ಹಳೇ ನಳಿಕೆಗಳಲ್ಲಿ ಚೋಕ್, ಅಂದರೆ ಚರೆ ಹರಡುವುದನ್ನು ಹಿಡಿತದಲ್ಲಿಡುವ ಮೂತಿಯ ಬಿಗಿತ, ಬದಲಿಸಲು ಬರುವುದಿಲ್ಲ. ಪಾನ್ ಶಾಪಿನದು "ಫುಲ್" ಅಂತ ಇದ್ದರೆ ಬಿಡು. ಇಪ್ಪತ್ತು ಗಜದ ಬಿಲ್ಲೆಗೆ ಅದು ತೀರಾ ಬಿಗಿ, ಮುಂದೆ ಬಾತು ಬೇಟೆಗೆ ಹೋದರೆ ಉಕ್ಕಿನ ಚರೆಯನ್ನು ಅದರಲ್ಲಿ ಹಾಕಬಾರದು. 1991ರಿಂದ ದೇಶಪೂರ್ತಿ ಬಾತು, ಹೆಬ್ಬಾತುಗಳಿಗೆ ಸೀಸದ ಚರೆ ಹಾಕುವ ಹಾಗಿಲ್ಲ. ನೀರಿನ ತಳದಲ್ಲಿ ಬಿದ್ದ ಸೀಸವನ್ನು ಬಾತುಗಳೇ ಕಾಳು ಅಂತ ನುಂಗಿ ಸಾಯುತ್ತಿದ್ದವು.

ಇನ್ನೊಂದು, ಮರೆಯಬೇಡ. ಬೆಳವ ವಲಸೆ ಹಕ್ಕಿ. ಅದಕ್ಕೆ ಹೋಗುವಾಗ ಕೋವಿಯಲ್ಲಿ ಒಟ್ಟು ಮೂರೇ ತೋಟಾ ಹಿಡಿಯಬೇಕು, ಮ್ಯಾಗಜೀನ್‌ನಲ್ಲಿ ಎರಡು, ಚೇಂಬರಿನಲ್ಲಿ (ನಳಿಕೆಯ ಬುಡದಲ್ಲಿ) ಒಂದು. ಅದಕ್ಕೆ ಒಳಗೆ ಒಂದು ಕಡ್ಡಿ ಇರುತ್ತದೆ, ಪ್ಲಗ್ ಅಂತಾರೆ. ಸೆಕೆಂಡ್ ಹ್ಯಾಂಡ್ ತಗೊಂಡರೆ ಅದು ಇದೆಯಾ ಅಂತ ಬಿಚ್ಚಿ ನೋಡು. ಕ್ಲೇ ಹೊಡೆಯುವವರು ತೆಗೆದು ಡ್ರಾಯರಿಗೆ ಹಾಕಿ ಮರೆತಿರುತ್ತಾರೆ.

ಸೌಟು_ಸೌದೆ (ಮಿನೆಸೋಟ)

ಅಣ್ಣ ಎಲ್ಲ ಹೇಳಿದ್ದಾರೆ, ಗೇಜ್ ಒಂದು ಬಿಟ್ಟು. ನಾನು ಹೇಳುತ್ತೇನೆ, ನಾನು ಐದಡಿ ಒಂದಿಂಚು.

ನನಗೆ ಈ ಹುಚ್ಚು ಹಿಡಿದದ್ದು ಮಗಳಿಂದ. ಇಲ್ಲಿ ಹೈಸ್ಕೂಲುಗಳಲ್ಲಿ ಕ್ಲೇ ಟಾರ್ಗೆಟ್ ಲೀಗ್ ಇದೆ. ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ನಡೆಯುವ ರಾಜ್ಯ ಮಟ್ಟದ ಪಂದ್ಯಕ್ಕೆ ಹೋದರೆ ನಮ್ಮ ಜಾತ್ರೆಗಿಂತ ಜೋರು, ಊಟದ ಸ್ಟಾಲ್ ಸಮೇತ. ಮಗಳು ಭರತನಾಟ್ಯ ಬಿಟ್ಟು ಇದಕ್ಕೆ ಸೇರಿದಾಗ ನಮ್ಮ ಅತ್ತೆ ಒಂದು ತಿಂಗಳು ಫೋನಿನಲ್ಲಿ ಮಾತಾಡಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ಬಿಸಿಲಲ್ಲಿ ಕೂರುವ ಬದಲು ನಾನೂ ಶುರು ಮಾಡಿದೆ.

12 ಗೇಜ್ ಅಂದರೆ ಒಂದು ಪೌಂಡ್ ಸೀಸದಲ್ಲಿ ನಳಿಕೆಗೆ ಸರಿಹೊಂದುವ 12 ಗುಂಡು. 20 ಅಂದರೆ 20 ಗುಂಡು. ಹಾಗಾಗಿ ಸಂಖ್ಯೆ ಜಾಸ್ತಿ ಆದಷ್ಟೂ ನಳಿಕೆ ಸಣ್ಣ. ಒಂದು ಔನ್ಸ್ 8ನೇ ನಂಬರ್ ಚರೆಯಲ್ಲಿ ಸುಮಾರು 410 ಕಾಳು, 20 ಗೇಜಿನ ಮಾಮೂಲಿ ⅞ ಔನ್ಸ್ ತೋಟಾದಲ್ಲಿ ಸುಮಾರು 360. ಐವತ್ತು ಕಾಳಿಗೆ ಬಿಲ್ಲೆ ತಪ್ಪಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಾನೂ ಮೊದಲು ಹೇಳುತ್ತಿದ್ದೆ.

ಎಲ್ಲರೂ "ಸಣ್ಣ ಮೈ, 20 ತಗೋ" ಅಂತಾರೆ. ನಾನೂ ತಗೊಂಡೆ. 20 ಗೇಜಿನ ಕೋವಿ ಹಗುರ. ಹಗುರ ಆದ್ದರಿಂದ ಅದೂ ಒದೆಯುತ್ತದೆ! ಈಗ ನಾನು ಹೊಡೆಯುವುದು ಏಳೂವರೆ ಪೌಂಡಿನ 12 ಗೇಜ್ ಗ್ಯಾಸ್ ಕೋವಿ, ⅞ ಔನ್ಸಿನ ಮೆದು ತೋಟಾ ಹಾಕಿ. ಬೆಣ್ಣೆ. ಕೋವಿ ಭಾರ, ತೋಟಾ ಹಗುರ ಇರಲಿ. ನಾಲ್ಕು ವರ್ಷ ದುಡ್ಡು ಹಾಳು ಮಾಡಿ ಕಲಿತದ್ದು. 12ರ ತೋಟಾ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ, 20ಕ್ಕೆ ಹುಡುಕಬೇಕು, ಬಹಳ ಕಡೆ ಬೆಲೆಯೂ ಜಾಸ್ತಿ.

ಟ್ರ್ಯಾಪ್ (ಸಾಲಾಗಿ ನಿಂತು ಹೊಡೆಯುವ ಕ್ಲೇ ಆಟ) ಆಡುವಾಗ ಸೆಮಿ-ಆಟೊದವರಿಗೆ ಒಂದು ಮರ್ಯಾದೆ ಇದೆ. ಖಾಲಿ ತೋಟಾ ಬಲಕ್ಕೆ ಹಾರಿ ಪಕ್ಕದವರ ಕಿವಿಗೆ ಬೀಳುತ್ತದೆ. ತಡೆಯುವ ಸಣ್ಣ ಕ್ಲಿಪ್ ಸಿಗುತ್ತದೆ, ಹಾಕಿಕೊಳ್ಳಿ. ಎರಡು ನಳಿಕೆ ಕೋವಿಯನ್ನು ನಡುವೆ ಬಾಗಿಸಿ ತೆರೆದು ಹಿಡಿದರೆ ಖಾಲಿ ಅಂತ ಎಲ್ಲರಿಗೂ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಅದಕ್ಕೆ ಬೋಲ್ಟ್ ತೆರೆದೇ ಇಡಬೇಕು, ಮೂತಿ ಮೇಲಕ್ಕೆ ಅಥವಾ ನೆಲಕ್ಕೆ. ನನ್ನ ಮೊದಲ ದಿನ ಬೋಲ್ಟ್ ಮುಚ್ಚಿಕೊಂಡು ತಿರುಗಿ ಮಗಳಿಗೆ ಕೈ ಬೀಸಿದೆ. ಇಡೀ ಸಾಲು ನೆಲಕ್ಕೆ ಕೂತಿತು. ಮಗಳು ಅದನ್ನು ಇನ್ನೂ ಬಿಟ್ಟಿಲ್ಲ.

ಹಸಿರೆಲೆ

ಬಿಲ್ಲೆ ಒಡೆಯಿರಿ, ಬೇಡ ಅನ್ನಲ್ಲ. ಬೆಳವ ಪಾಪದ ಹಕ್ಕಿ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತದ್ದನ್ನು ಅಮೆರಿಕಕ್ಕೆ ಹೋಗಿ ಮುಂದುವರಿಸಬೇಕಾ? ಕೋಳಿ ಅಂಗಡಿಯಲ್ಲಿ ಸಿಗಲ್ವಾ?

ಕಾಳುಮೆಣಸು

ಕೇಳಬೇಕಾದ ಪ್ರಶ್ನೆಯೇ. ಊರಲ್ಲಿ ನಾನೂ ಹೊಡೆಯುವುದಿಲ್ಲ, ಹೊಡೆಯಲೂಬಾರದು, ಅಲ್ಲಿ ಉಳಿದದ್ದೇ ಕಡಿಮೆ. ಇಲ್ಲಿ ವ್ಯವಸ್ಥೆ ಬೇರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಲ್ಲಿ ನಾನು ತಗೊಳ್ಳುವ ಪ್ರತಿ ತೋಟಾದ ಮೇಲೂ ಶೇ. 11 ತೆರಿಗೆ ಇದೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಬಾತು ಹೊಡೆಯುವವರು 25 ಡಾಲರಿನ ಡಕ್ ಸ್ಟ್ಯಾಂಪ್ ಕೊಳ್ಳಬೇಕು, ಆ ದುಡ್ಡಲ್ಲಿ ಜೌಗು ನೆಲ ಉಳಿಸುತ್ತಾರೆ. ಹೊಡೆಯದೆ ಸುಮ್ನೆ ಸ್ಟ್ಯಾಂಪ್ ಕೊಳ್ಳುವ ಹಕ್ಕಿ ನೋಡುವವರೂ ಇದ್ದಾರೆ. ನಿಮಗೆ ಹಕ್ಕಿ ಇಷ್ಟ ಇದ್ದರೆ ನೀವೂ ಒಂದು ಕೊಳ್ಳಿ, ಚಿತ್ರ ಚೆನ್ನಾಗಿರುತ್ತದೆ. ಕೊಲ್ಲುವುದು ಮನಸ್ಸಿಗೆ ಒಪ್ಪದಿದ್ದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಳೆಕಾಡು

ಏಳು ವಾರ ಆದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ.

ಗಡಿಯಾರದ ಪರೀಕ್ಷೆ ಮಾಡಿದೆ. ಎಡಗಣ್ಣೇ ಯಜಮಾನ. ಹೆಂಡತಿಗೂ ಮಾಡಿಸಿದೆ, ಅವಳದು ಬಲ. "ಅದಕ್ಕೇ ಫ್ರಿಜ್ಜಿನಲ್ಲಿ ಎದುರಿಗಿರುವ ಸಾಸಿವೆ ಡಬ್ಬ ನಿಮಗೆ ಕಾಣಲ್ಲ" ಅಂದಳು.

ಬಾಡಿಗೆಗೆ ಕೋವಿ ಕೊಡುವ ಒಂದು ರೇಂಜಿಗೆ ಹೋಗಿ ಹೊಸ ಎ300 ಒಂದರಲ್ಲೂ ಮಾಂಟೆಫೆಲ್ಟ್ರೊ ಒಂದರಲ್ಲೂ ತಲಾ 25 ಹೊಡೆದೆ. ಮಾಂಟೆಫೆಲ್ಟ್ರೊ ಕೈಗೆ ಎತ್ತಿಕೊಂಡಾಗಲೇ ಮದುವೆ ಆಗಿಬಿಡೋಣ ಅನ್ನಿಸಿತು, ಅಷ್ಟು ಸಪೂರ, ಬಳ್ಳಿ ಥರ. ಹದಿನೈದನೇ ಈಡಿಗೆ ಪ್ರೀತಿ ಇಳಿಯಿತು. ಅಜ್ಜಯ್ಯನ ಕೋವಿ ನೆನಪಾಯಿತು. ಅದರಲ್ಲಿ 9. ಎ300ರಲ್ಲಿ 12, ಅದೂ ಸ್ಟಾಕ್ ಉದ್ದ ಆಗಿ ಕೈ ಎಳೆದುಕೊಂಡು. ಊಟದ ಸಮಯದಲ್ಲಿ ಕನ್ನಡಕಕ್ಕೆ ಟೇಪ್ ಅಂಟಿಸಿದೆ, ಜಾಗ ಸರಿಮಾಡಲು ನಾಲ್ಕು ಸಲ ಕಿತ್ತೆ. ಅದೇ ಎ300ರಲ್ಲಿ ಇನ್ನೊಂದು 25. 16 ಬಿತ್ತು. ನಾನು ಸುಮ್ಮನೆ ನಿಂತುಬಿಟ್ಟೆ. ಇಷ್ಟು ದಿನ ತಪ್ಪಿದ್ದು ಕೋವಿಯಿಂದ ಅಲ್ಲ, ಕೈಯಿಂದಲೂ ಅಲ್ಲ, ಪಕ್ಕದ ಕಣ್ಣು ಮಧ್ಯೆ ತಲೆ ಹಾಕುತ್ತಿತ್ತು.

ಹೊಸದು ತಗೊಳ್ಳಲಿಲ್ಲ. ಹಳೇ 1100 ನೋಡಲು ಪಾನ್ ಶಾಪಿಗೆ ಹೋದೆ, ಅದರ ನಳಿಕೆ ಮೇಲೆ ಅಣ್ಣ ಹೇಳಿದ ಹಾಗೇ "ಫುಲ್" ಅಂತ ಬರೆದಿತ್ತು. ಇಟ್ಟುಬಿಟ್ಟೆ. ಅದರ ಪಕ್ಕದಲ್ಲೇ ಒಂದು ಎ300 ಔಟ್‌ಲ್ಯಾಂಡರ್ ಇತ್ತು, 12 ಗೇಜ್, 28 ಇಂಚಿನ ನಳಿಕೆ, ಮೂರು ಚೋಕ್. ಬೆಲೆ ನೋಡಿದರೆ 550. ಅಷ್ಟು ಕಡಿಮೆ ಯಾಕೆ ಅಂತ ಕೇಳಿದೆ. ಹಿಂದಿನವರು ಯಾರೋ ಸ್ಟಾಕ್ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿಸಿದ್ದಾರೆ, "ಗಂಡಸರಿಗೆ ಆಗಲ್ಲ" ಅಂತ ಯಾರೂ ತಗೊಳ್ಳುತ್ತಿಲ್ಲ ಅಂದ ಅಂಗಡಿಯವನು. ಕಣ್ಣು ಮುಚ್ಚಿ ಏರಿಸಿದೆ, ಕಣ್ಣು ತೆಗೆದೆ. ಮಣಿ ಎದುರಿಗೇ ಕೂತಿತ್ತು. ಹತ್ತಕ್ಕೆ ಹತ್ತು. ಟೇಪ್ ತರಿಸಿ ಅಳೆದರೆ ಹದಿಮೂರೂವರೆಗೆ ಒಂದು ಕೂದಲು ಕಮ್ಮಿ. ನನ್ನ ಎತ್ತರದ ಯಾರೋ ಒಬ್ಬರು ನನಗಾಗಿ ಮೊದಲೇ ಕತ್ತರಿಸಿಟ್ಟ ಹಾಗಿತ್ತು. ಉಳಿದ ದುಡ್ಡಲ್ಲಿ ಸೇಫ್, ಕಿವಿಗೆ ಮಫ್, ಹತ್ತು ಬಾಕ್ಸ್ ತೋಟಾ.

ಮನೆಗೆ ತಂದು ಬಿಚ್ಚಿದೆ. ಪ್ಲಗ್ ಇರಲಿಲ್ಲ! ಹಾರ್ಡ್‌ವೇರ್ ಅಂಗಡಿಯಿಂದ ಮರದ ಕಡ್ಡಿ ತಂದು ಅಳತೆಗೆ ಕೊಯ್ದು ಹಾಕಿದೆ. ಎರಡೇ ಹಿಡಿಯುತ್ತದೆ ಅಂತ ಹತ್ತು ಸಲ ನೋಡಿಕೊಂಡೆ.

ಲೈಸೆನ್ಸ್ 25 ಡಾಲರ್, ವಲಸೆ ಹಕ್ಕಿಯ ಮುದ್ರೆಗೆ 7. ಇಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಮಾಡಲೇಬೇಕು. ಆನ್‌ಲೈನ್‌ನಲ್ಲಿ ಮುಗಿಸಿದೆ.

ಸೆಪ್ಟೆಂಬರ್ 1. ಬೆಳಗ್ಗೆ ಐದೂಕಾಲಿಗೆ ಹೊಲದ ಬೇಲಿ ಹತ್ತಿರ. ಇವರು ಮೈಲೊ ಮೈಲೊ ಅನ್ನುತ್ತಿದ್ದರಲ್ಲ, ಟಾರ್ಚ್ ಬಿಟ್ಟು ನೋಡಿದರೆ ನಮ್ಮ ಜೋಳ! ರೊಟ್ಟಿ ಜೋಳ. ತೆನೆ ಕುಳ್ಳಗೆ, ಕೆಂಪಗೆ. ಅಮೆರಿಕದಲ್ಲಿ ಕೋವಿ ಹಿಡಿದು ಜೋಳದ ಹೊಲದ ಬದುವಿನ ಮೇಲೆ ಕೂತಿದ್ದೇನೆ ಅಂತ ಅಪ್ಪನಿಗೆ ಫೋಟೊ ಕಳಿಸಿದೆ. "ಹಂದಿ ಬರುತ್ತಾ ಅಲ್ಲಿ?" ಅಂತ ಒಂದೇ ಸಾಲು ಬರೆದರು. ಬರುತ್ತಂತೆ.

ಬೆಳಕು ಹರಿದ ಮೇಲೆ ಹಕ್ಕಿ ಬಂದವು. ಕ್ಲೇ ಎಲ್ಲ ಏನೂ ಅಲ್ಲ. ಬಿಲ್ಲೆ ಹೊರಟಾಗ ಜೋರು, ಹೋಗ್ತಾ ಹೋಗ್ತಾ ನಿಧಾನ ಆಗುತ್ತದೆ. ಇವು ನಿಧಾನ ಬಂದು, ನನ್ನನ್ನು ನೋಡಿ, ಗಾಳಿಯಲ್ಲೇ ಜಾರಿ ಬೇರೆ ಕಡೆ ತಿರುಗುತ್ತವೆ. 58 ತೋಟಾಕ್ಕೆ 6 ಹಕ್ಕಿ. ಮಿತಿ 15, ಅದರ ಚಿಂತೆ ನನಗೆ ಬರಲೇ ಇಲ್ಲ. ಕೋವಿ ಒಂದು ಸಲವೂ ಕೈ ಕೊಡಲಿಲ್ಲ. ಭುಜ ನೀಲಿ ಆಗಲಿಲ್ಲ. ಮೂರನೇ ಹಕ್ಕಿ ಜೋಳದ ಮಧ್ಯೆ ಬಿತ್ತು, ಬಿದ್ದ ಜಾಗದಿಂದ ಕಣ್ಣು ತೆಗೆದದ್ದೇ ತಪ್ಪು, ಹುಡುಕಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಹಸಿರೆಲೆಯವರ ಮಾತು ತಲೆಯಲ್ಲಿತ್ತು, ಸುಳ್ಳು ಹೇಳಲ್ಲ. ಆಮೇಲೆ ಒಂದು ಬಿದ್ದರೆ ಅದನ್ನು ಎತ್ತಿಕೊಳ್ಳುವವರೆಗೆ ಇನ್ನೊಂದಕ್ಕೆ ಕೋವಿ ಎತ್ತಲಿಲ್ಲ.

ಒಂಬತ್ತು ಗಂಟೆಗೆ ಗೇಮ್ ವಾರ್ಡನ್ ಬಂದರು. ಲೈಸೆನ್ಸ್ ನೋಡಿದರು. ಕೋವಿ ಕೇಳಿ ಇಸ್ಕೊಂಡು, ಬೋಲ್ಟ್ ತೆರೆದು, ತಾವೇ ತೋಟಾ ತುಂಬಿಸಿದರು. ಒಂದು, ಎರಡು. ಮೂರನೆಯದು ಹೋಗಲಿಲ್ಲ. ನನಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ ಹಾಗಾಯಿತು. ನಮ್ಮ ಗುಂಪಿನಲ್ಲೇ ಒಬ್ಬರದ್ದು ಮೂರನೆಯದೂ ಹೋಯಿತು. ಅವರಿಗೆ ದಂಡದ ಚೀಟಿ ಬಂತು.

ಕಾಳುಮೆಣಸು ಅಣ್ಣ, ನಾಡಿದ್ದು ಕೈಲ್‌ಪೊಳ್ದ್ ಅಲ್ವಾ. ನಿಮ್ಮ ಹೆಸರಲ್ಲಿ ಈ ಕೋವಿಗೂ ಒಂದು ಹೂ ಇಡುತ್ತೇನೆ, ಇಲ್ಲಿ ಚೆಂಡು ಹೂ ಸಿಗುತ್ತದೆ. ಕೊನೆಯ ಪ್ರಶ್ನೆ: ಆರು ಬೆಳವ ಫ್ರಿಜ್ಜಿನಲ್ಲಿದೆ. ಎದೆ ಭಾಗ ಮಾತ್ರ ಇರುವುದು, ಅಂಗೈಯಷ್ಟೂ ಇಲ್ಲ. ಹೆಂಡತಿ ಕಾಳುಮೆಣಸು-ಹುಳಿ ಹಾಕಿ ಪಂದಿಕರಿ ಥರ ಮಾಡಲಾ ಅಂತ ಕೇಳುತ್ತಿದ್ದಾಳೆ.

ಕಾಳುಮೆಣಸು

ಪಂದಿಕರಿಯಷ್ಟು ಹೊತ್ತು ಬೇಯಿಸಿದರೆ ಚಪ್ಪಲಿ ಆಗುತ್ತದೆ. ಉಪ್ಪು, ಅರಿಸಿನ, ಕಾಳುಮೆಣಸು ಹಚ್ಚಿ ಒಂದು ಗಂಟೆ ಬಿಡಲಿ. ಕಾದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಒಂದೊಂದು ಬದಿ ಮೂರು-ನಾಲ್ಕು ನಿಮಿಷ, ಕೊನೆಗೆ ಕಾಚಂಪುಳಿ ಇದ್ದರೆ ಎರಡು ಹನಿ. ಹಚ್ಚುವ ಮೊದಲು ಬೆರಳಲ್ಲಿ ಒತ್ತಿ ನೋಡಿ, ಗಾಯದ ಕಪ್ಪು ಚುಕ್ಕೆ ಇರುವಲ್ಲಿ ಚರೆ ಇರುತ್ತದೆ, ಚಾಕು ಮೊನೆಯಲ್ಲಿ ತೆಗೆಯಬೇಕು. ಎಷ್ಟು ತೆಗೆದರೂ ಒಂದು ಉಳಿದಿರುತ್ತದೆ. ಅಗಿಯುವಾಗ ನಿಧಾನ, ನನ್ನ ಒಂದು ದವಡೆ ಹಲ್ಲು ಹೋದದ್ದು ಹಾಗೆ.